ಕಲ್ಲಿನಲ್ಲಿ ಕದನ, ಕಲ್ಲಿನಲ್ಲಿ ಕರುಣೆ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಹಾದಿ ಹಿಡಿದರೆ ಕಣಕುಂಬಿ ಸಿಗುತ್ತದೆ. ಖಾನಾಪುರ ತಾಲ್ಲೂಕಿನ ಈ ಕಾಡಂಚಿನ ಊರಿನಲ್ಲಿ, ಮಾವುಲಿ ದೇವಿಯ ಗುಡಿಯ ಹತ್ತಿರ, ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿಂದ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಈ ಹೊಳೆಯ ದಂಡೆಯ ಜನ ಹಿಂಸೆಯ ಕಥೆಯನ್ನೂ ಕರುಣೆಯ ಕಥೆಯನ್ನೂ ಬೇರೆ ಬೇರೆ ಇಟ್ಟವರಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದ ಕಥೆಯಲ್ಲಿ ಪರಶುರಾಮ ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿ ರೇಣುಕೆಯ ತಲೆ ಕಡಿಯುತ್ತಾನೆ. ತಂದೆ ಮೆಚ್ಚಿ ವರ ಕೇಳು ಅಂದಾಗ ತಾಯಿಯ ಜೀವವನ್ನೇ ಮರಳಿ ಬೇಡುತ್ತಾನೆ. ನೆತ್ತರು ಹತ್ತಿದ ಕೊಡಲಿಯನ್ನು ಅವನು ತೊಳೆದದ್ದು ಐಹೊಳೆಯಲ್ಲಿ, ಆಗ ಹೊಳೆಯೇ ಕೆಂಪಾಯಿತು ಎಂದು ಅಲ್ಲಿನವರು ಹೇಳುತ್ತಾರೆ. ಆ ಹೊಳೆ ಮುಗಿಯುವಲ್ಲಿ, ದಯೆಯಿಲ್ಲದ ಧರ್ಮವನ್ನು ಒಪ್ಪದ ಬಸವಣ್ಣನ ಐಕ್ಯಸ್ಥಳವಿದೆ.

ಇದೇ ಕಣಿವೆಯಲ್ಲಿ ಮತ್ತು ಸುತ್ತಲಿನ ಕನ್ನಡ ನಾಡಿನಲ್ಲಿ ಸಾವಿರದ ನಾಲ್ಕುನೂರು ವರ್ಷಗಳಿಗೂ ಮಿಕ್ಕಿದ ಒಂದು ಕಲ್ಲುಕೆತ್ತನೆಯ ಪರಂಪರೆ ಇದೆ. ವಧೆ, ಕಾಳಗ, ಬೇಟೆ, ದನಗಳ ಲೂಟಿ, ಆತ್ಮಬಲಿ – ಇವೆಲ್ಲ ಆ ಶಿಲ್ಪಿಗಳಿಗೆ ಮತ್ತೆ ಮತ್ತೆ ಬಂದ ಕೆಲಸ. ಕೊಲ್ಲುವುದನ್ನು ಕೆತ್ತಬೇಕು, ಆದರೆ ನೋಡುವವರಲ್ಲಿ ಕೊಲ್ಲುವ ಹುರುಪು ಹುಟ್ಟಬಾರದು. ಸಾವನ್ನು ಮುಚ್ಚಿಡಬಾರದು, ಆದರೆ ಸತ್ತವರ ಮರ್ಯಾದೆಯನ್ನೂ ಕಳೆಯಬಾರದು. ಈ ಕಠಿಣ ಲೆಕ್ಕವನ್ನು ಅವರು ಉಳಿ ಸುತ್ತಿಗೆಯಿಂದಲೇ ಬಿಡಿಸಿದರು. ಅವರ ಆ ಜಾಣ್ಮೆಯನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕಲ್ಲು ಒಪ್ಪಿದಷ್ಟೇ ಕದನ

ಎಲ್ಲ ಕಲ್ಲೂ ಎಲ್ಲ ಕೆಲಸಕ್ಕೆ ಒದಗುವುದಿಲ್ಲ. ಕಣಕುಂಬಿಯ ಕಡೆಯ ಘಟ್ಟದಲ್ಲಿ ಹೇರಳವಾಗಿರುವ ಜಂಬಿಟ್ಟಿಗೆ ಗೋಡೆಗೆ, ಬಾವಿಗೆ, ಮೆಟ್ಟಿಲಿಗೆ ಬಲು ಒಳ್ಳೆಯದು; ಅದರ ತೂತುತೂತಾದ ಮೈಯಲ್ಲಿ ತುಟಿಯ ಅಂಚನ್ನೋ ಕಣ್ಣಿನ ರೆಪ್ಪೆಯನ್ನೋ ತೆಗೆಯಲಾಗದು. ನದಿಯ ಜೊತೆ ಕೆಳಗಿಳಿದು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಬಂದರೆ ಅಲ್ಲಿ ಕೆಂಪು ಛಾಯೆಯ ಮರಳುಗಲ್ಲು. ಪದರಪದರವಾಗಿ ಕೂತ ಈ ಕಲ್ಲು ಆಳವಾದ ಕೆತ್ತನೆಗೆ ಒಪ್ಪುತ್ತದೆ, ಮೈಯ ದುಂಡನೆಯನ್ನು ಚೆನ್ನಾಗಿ ತೋರುತ್ತದೆ, ಕೂದಲೆಳೆಯಂಥ ನಯವನ್ನು ಮಾತ್ರ ಹೆಚ್ಚು ಕಾಲ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಚಾಲುಕ್ಯರ ಕಾಲದ ಶಿಲ್ಪಿ ಒಡವೆಯ ಸೂಕ್ಷ್ಮಕ್ಕಿಂತ ದೇಹದ ಬಾಗು, ಭಾರ, ಬಿಗಿಗಳನ್ನೇ ನೆಚ್ಚಿದ. ಮುಂದೆ ಹೊಯ್ಸಳರ ನಾಡಿನಲ್ಲಿ ಸಿಕ್ಕ ಬಳಪದ ಕಲ್ಲು ಹೊಸದಾಗಿ ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅಲ್ಲಿನ ಕೆತ್ತನೆ ಆಭರಣದ ಕುಸುರಿಯತ್ತ ತಿರುಗಿತು.

ಉಬ್ಬುಶಿಲ್ಪದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಮಟ್ಟ ಮಾಡಿದ ಕಲ್ಲಿನ ಮೇಲೆ ಕೆಮ್ಮಣ್ಣಿನಿಂದ ಗೆರೆ. ಬಳಿಕ ಆಕೃತಿಯ ಹೊರಗಿನ ಕಲ್ಲನ್ನು ತಗ್ಗಿಸಿ ಹಿನ್ನೆಲೆ ತೆಗೆಯುವುದು. ಆಮೇಲೆ ತಲೆ, ಎದೆ, ಸೊಂಟ, ತೊಡೆಗಳ ಒರಟು ದುಂಡನೆ. ಮುಖದ ಉದ್ದವನ್ನೇ ಅಳತೆಗೋಲಾಗಿಟ್ಟ ತಾಲಮಾನದಿಂದ ಇಡೀ ಮೈಯ ಲೆಕ್ಕ. ನಂತರ ಒಡವೆ, ಆಯುಧ, ಮಡಿಕೆ. ಕಟ್ಟಕಡೆಗೆ ಕಣ್ಣು. ಪೂಜೆಯ ಮೂರ್ತಿಯಾದರೆ ಕಣ್ಣು ತೆರೆಸುವುದೇ ಒಂದು ವಿಧಿ.

ಕಾಳಗದ ದೃಶ್ಯ ಬಂದಾಗ ಈ ಕ್ರಮಕ್ಕೆ ತೊಡಕು ಎದುರಾಗುತ್ತದೆ. ಎತ್ತಿದ ತೋಳು, ಚಾಚಿದ ಕತ್ತಿ, ಬಾಗಿಸಿದ ಬಿಲ್ಲು – ಇವೆಲ್ಲ ತೆಳ್ಳಗಿನವು, ಹಿನ್ನೆಲೆಯಿಂದ ಬಿಡಿಸಿದಷ್ಟೂ ಮುರಿಯುವ ಭಯ. ಹಾಗಾಗಿ ಆಯುಧ ಹಾಸುಗಲ್ಲಿಗೋ ತಲೆಗೋ ಹೆಗಲಿಗೋ ಅಂಟಿಕೊಂಡೇ ಇರಬೇಕು. ಕಲ್ಲಿನ ಈ ಕಟ್ಟುಪಾಡೇ ಶಿಲ್ಪಿಗೆ ದೊಡ್ಡ ಪಾಠವಾಯಿತು. ಹೊಡೆತದ ಬಿರುಸನ್ನು ಆಯುಧದಲ್ಲಿ ತೋರಿಸಲಾಗದಾಗ ಅದನ್ನು ಇಡೀ ಮೈಯ ನಿಲುವಿನಲ್ಲಿ ತೋರಿಸಬೇಕು. ಯಾವ ಕ್ಷಣವನ್ನು ಕಲ್ಲಿನಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆಗೆ ಆಗ ಎಲ್ಲಿಲ್ಲದ ಬೆಲೆ ಬರುತ್ತದೆ.

ಐಹೊಳೆಯ ಮಹಿಷಮರ್ದಿನಿ, ಬಾದಾಮಿಯ ನರಸಿಂಹ

ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣೆಯ ದಾರಿಯಲ್ಲಿ, ಗೋಡೆಯ ಒಂದು ಗೂಡಿನೊಳಗೆ ಮಹಿಷಮರ್ದಿನಿ ನಿಂತಿದ್ದಾಳೆ. ಎಂಟು ಕೈ, ಪಕ್ಕದಲ್ಲಿ ಸಿಂಹ, ಕೆಳಗೆ ಕೋಣ. ಹಲವು ಕಡೆ ಕೋಣದ ಕತ್ತಿನಿಂದ ರಾಕ್ಷಸ ಹೊರಬರುವ ಶಿಲ್ಪಗಳಿವೆ. ಇಲ್ಲಿ ಮಹಿಷ ಪೂರ್ತಿ ಪ್ರಾಣಿಯೇ. ತ್ರಿಶೂಲ ಅದರ ಕತ್ತಿಗೆ ಇಳಿದಿದೆ. ಬಿಸಿಲು ಕಂಬಗಳ ನಡುವೆ ತೂರಿ ಬರುವ ಹೊತ್ತಿನಲ್ಲಿ ನಿಂತು ನೋಡಿದರೆ ಶಿಲ್ಪಿಯ ಕೆಲಸ ಎರಡು ಪಾಲಾಗಿರುವುದು ಕಾಣುತ್ತದೆ. ಸೊಂಟದಿಂದ ಕೆಳಗೆ ಬಲ, ಭಾರ, ಅದುಮಿದ ಪ್ರಾಣಿಯ ಮೈ. ಹೆಗಲಿನಿಂದ ಮೇಲೆ ಹುಬ್ಬು ಗಂಟಿಕ್ಕದ, ಹಲ್ಲು ಕಾಣದ, ಒಳಮುಖವಾದ ಮುಖ. ಕೆಲಸ ನಡೆಯುತ್ತಿದೆ, ಆದರೆ ಅದರಲ್ಲಿ ಸುಖ ಪಡುವವರು ಇಲ್ಲ.

ಆ ಶಾಂತ ಮುಖವನ್ನು ಭಕ್ತಿಯ ಕಟ್ಟಳೆ ಎಂದು ಬಿಟ್ಟುಬಿಡಬಹುದು. ಕೆತ್ತನೆಯ ಕಣ್ಣಿನಿಂದ ನೋಡಿದರೆ ಅದೊಂದು ಬಲು ಕಷ್ಟದ ನಿರ್ಧಾರ. ಸಿಟ್ಟಿನ ಮುಖ ಕೆತ್ತುವುದು ಸುಲಭ: ಕಣ್ಣು ಹೊರಚಾಚಿಸಿ, ಮೂಗಿನ ಹೊಳ್ಳೆ ಅಗಲಿಸಿ, ಕೋರೆಹಲ್ಲು ತೆಗೆದರೆ ಆಯಿತು. ಮೈಯೆಲ್ಲ ಬಿಗಿದಿರುವಾಗ ಮುಖವೊಂದನ್ನು ಸಡಿಲವಾಗಿ ಬಿಡಲು ಕತ್ತಿನ ತಿರುವಿನಲ್ಲಿ, ಕೆಳತುಟಿಯ ತುದಿಯಲ್ಲಿ, ಅರೆಮುಚ್ಚಿದ ರೆಪ್ಪೆಯಲ್ಲಿ ಒಂದು ನೂಲಿನಷ್ಟೂ ತಪ್ಪು ಮಾಡದ ಕೈ ಬೇಕು.

ಬಾದಾಮಿಯ ಮೂರನೆಯ ಗುಹಾಲಯದ್ದು ಇನ್ನೊಂದು ಬಗೆಯ ಸಂಯಮ. ಮಂಗಳೇಶನು ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಶಕ 500 ಅಂದರೆ ಕ್ರಿ.ಶ. 578ರಲ್ಲಿ ಈ ಗುಹೆಯನ್ನು ಮಾಡಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ಇದರ ಪಡಸಾಲೆಯ ಆಳೆತ್ತರದ ನರಸಿಂಹ ಸುಮ್ಮನೆ ನಿಂತಿದ್ದಾನೆ. ತೊಡೆಯ ಮೇಲೆ ಹಿರಣ್ಯಕಶಿಪು ಇಲ್ಲ, ಬಗೆದ ಹೊಟ್ಟೆ ಇಲ್ಲ. ಸಿಂಹದ ಮುಖವೊಂದೇ ಅವನು ಏನು ಮಾಡಬಲ್ಲ ಎಂಬುದನ್ನು ಹೇಳುತ್ತದೆ. ಉಳಿದದ್ದನ್ನು ನೋಡುವವರ ನೆನಪಿಗೆ ಬಿಟ್ಟಿದ್ದಾರೆ. ಆರು ಶತಮಾನ ಕಳೆದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಗೆ ಬಂದರೆ ಅದೇ ನರಸಿಂಹ ಕರುಳನ್ನು ಹೊರಗೆಳೆಯುತ್ತಿದ್ದಾನೆ. ಎರಡೂ ದೊಡ್ಡ ಕೆಲಸಗಳೇ. ಒಂದು ಕಲ್ಲು ಹಿಂಸೆಯನ್ನು ಸೂಚಿಸುತ್ತದೆ, ಇನ್ನೊಂದು ಕಲ್ಲು ಎದುರಿಗೇ ಇಡುತ್ತದೆ.

ಹಂಪಿಯ ನರಸಿಂಹನನ್ನೂ ಇಲ್ಲಿ ನೆನೆಯಬೇಕು. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ, 6.7 ಮೀಟರ್ ಎತ್ತರದ ಏಕಶಿಲಾಮೂರ್ತಿ ಅದು. ಜನ ಅದನ್ನು ಉಗ್ರನರಸಿಂಹ ಎನ್ನುವುದುಂಟು. ನಿಜಕ್ಕೂ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದು ಹಾಕಲಾಗಿದೆ. ಮೂರ್ತಿಯ ಬೆನ್ನಿನ ಕಡೆ ಹೋಗಿ ನೋಡಿದರೆ ಗಂಡನನ್ನು ಬಳಸಿದ್ದ ಅವಳ ಕೈ ಮಾತ್ರ ಈಗಲೂ ಅಲ್ಲೇ ಇದೆ. ಶಿಲ್ಪಿ ಅದನ್ನು ಯಾರೂ ಹೆಚ್ಚು ನೋಡದ ಹಿಂಬದಿಯಲ್ಲೂ ಪೂರ್ತಿಯಾಗಿ ಕೆತ್ತಿದ್ದರಿಂದಲೇ ಆ ಸೌಮ್ಯದ ಗುರುತು ಉಳಿದುಕೊಂಡಿತು.

ಮನೆಯಲ್ಲಿ ಯಾವುದು, ಗುಡಿಯಲ್ಲಿ ಯಾವುದು

ಹಿಂಸೆಯ ಚಿತ್ರವನ್ನು ಎಲ್ಲಿ ಇಡಬೇಕು ಎಂಬುದನ್ನೂ ಹಳಬರು ಯೋಚಿಸಿದ್ದರು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ಇದಕ್ಕೆ ಸ್ಪಷ್ಟ ಸಲಹೆ ಇದೆ: ವಾಸದ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತ ರಸಗಳ ಚಿತ್ರಗಳಷ್ಟೇ ಇರಲಿ; ಯುದ್ಧ, ಸ್ಮಶಾನ, ಸಾವು, ದುಃಖಗಳ ಚಿತ್ರ ಬೇಡ. ದೇವಾಲಯದಲ್ಲಿ, ರಾಜಸಭೆಯಲ್ಲಿ ಎಲ್ಲ ರಸಕ್ಕೂ ಎಡೆ ಉಂಟು. ಮಕ್ಕಳು ಮಲಗಿ ಏಳುವ ಗೋಡೆಯ ಮೇಲೆ ರಕ್ತ ಬೇಡ, ಹತ್ತು ಜನ ಸೇರಿ ಯೋಚಿಸುವ ಕಡೆ ಅದನ್ನು ಮರೆಮಾಡಬೇಡ ಎಂಬ ವಿವೇಕ ಇದರಲ್ಲಿದೆ.

ಅದೇ ಗ್ರಂಥ ಚಿತ್ರಕಾರನಿಗೆ ಒಂದು ಪರೀಕ್ಷೆಯನ್ನೂ ಒಡ್ಡುತ್ತದೆ. ಮಲಗಿದವನಲ್ಲಿ ಚೇತನ ಇರುವಂತೆ, ಸತ್ತವನಲ್ಲಿ ಅದು ಇಲ್ಲದಂತೆ ಬಿಡಿಸಬಲ್ಲವನೇ ಚಿತ್ರ ಬಲ್ಲವನು ಎಂಬುದು ಅದರ ಅಭಿಪ್ರಾಯ. ಇಬ್ಬರೂ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿರುವವರೇ. ವ್ಯತ್ಯಾಸ ಇರುವುದು ಬೆರಳುಗಳ ಮಡಿಕೆಯಲ್ಲಿ, ಕತ್ತು ವಾಲಿದ ಕೋನದಲ್ಲಿ, ಮೈ ನೆಲಕ್ಕೆ ಒತ್ತುವ ಬಗೆಯಲ್ಲಿ. ಅದನ್ನು ಕಾಣಬೇಕಾದರೆ ಕಲಾವಿದ ಸತ್ತವರ ಪಕ್ಕ ಕೂತವನಾಗಿರಬೇಕು. ಕರುಣೆ ಇಲ್ಲಿ ಕಲಾವಿದನ ಕಸುಬಿನ ಭಾಗವೇ ಆಗಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಒಂದು ಕಾಲಕ್ಕೆ ವರ್ಣಚಿತ್ರಗಳಿದ್ದವು. ಈಗ ಮಾಸಿದ ಕುರುಹುಗಳಷ್ಟೇ ಉಳಿದಿವೆ. ಬಣ್ಣ ಹೋದ ಮೇಲೆ ಹೊಣೆಯೆಲ್ಲ ಕಲ್ಲಿನ ಮೇಲೆ ಬಿತ್ತು.

ವೀರಗಲ್ಲನ್ನು ಓದುವ ಬಗೆ

ಅರಮನೆಯ ಶಿಲ್ಪಿಗಳ ಕೆಲಸಕ್ಕಿಂತ ಊರವರ ಬದುಕಿಗೆ ಹತ್ತಿರವಾದದ್ದು ವೀರಗಲ್ಲು. ಕರ್ನಾಟಕದ ಉದ್ದಗಲಕ್ಕೂ ಕೆರೆಯ ಏರಿಯ ಮೇಲೆ, ಹನುಮಂತನ ಗುಡಿಯ ಪಕ್ಕ, ಹೊಲದ ಬದುವಿನಲ್ಲಿ ಇವು ನಿಂತಿವೆ. 1982ರಲ್ಲಿ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸಂಪುಟ, ಅದೇ ವರ್ಷ ಬಂದ ಆರ್. ಶೇಷಶಾಸ್ತ್ರಿಯವರ ಅಧ್ಯಯನ ಇವುಗಳ ಕಡೆ ವಿದ್ವಾಂಸರ ಗಮನ ಸೆಳೆದವು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ವೀರ ಉಳಿದವರಿಗಿಂತ ದೊಡ್ಡದಾಗಿ ನಿಂತಿದ್ದಾನೆ, ಎದುರಿನಿಂದ ಬಾಣಗಳು, ಕಾಲಬಳಿ ಬಿದ್ದವರು. ತುರುಗೋಳಿನ, ಅಂದರೆ ದನಗಳ ಲೂಟಿಯ, ಕಲ್ಲಾದರೆ ಒಂದು ಮೂಲೆಯಲ್ಲಿ ದನಗಳ ಸಾಲು, ಏಕೆ ಸತ್ತ ಎಂಬುದಕ್ಕೆ ಅದೇ ಸಾಕ್ಷಿ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎರಡೂ ಬದಿಯಲ್ಲಿ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಜೈನನಾದರೆ ಅಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಶಾಸನ. ಕಣಕುಂಬಿಯ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಕದಂಬರ ಕಾಲದ ವೀರಗಲ್ಲುಗಳ ಕೆಳ ಅಂಕಣದಲ್ಲಿ ಕುದುರೆ, ದನಗಳ ಬದಲು ಹಡಗುಗಳೂ ಹುಟ್ಟು ಹಾಕುವವರೂ ಕಾಣಿಸುತ್ತಾರೆ.

ಊರಿನ ಶಿಲ್ಪಿ ಈ ಮೂರು ಅಂಕಣದಲ್ಲಿ ಮುಖಕ್ಕೆ ಹೆಚ್ಚು ಸಮಯ ಕೊಡುವುದಿಲ್ಲ. ಮೈಯ ಗತಿಯನ್ನು ಬದಲಿಸುತ್ತಾನೆ. ಕೆಳಗೆ ಎಲ್ಲ ಗೆರೆಗಳೂ ಓರೆ – ಕತ್ತಿ, ಕಾಲು, ಬಾಣ, ಬಿದ್ದ ಹೆಣ. ನಡುವೆ ಗೆರೆಗಳು ಬಾಗಿ ಮೇಲೇರುತ್ತವೆ. ತುದಿಯಲ್ಲಿ ಎಲ್ಲವೂ ನೆಟ್ಟಗೆ, ಮಟ್ಟವಾಗಿ ಕೂರುತ್ತದೆ. ಅಕ್ಷರ ಬಾರದವರ ಕಣ್ಣೂ ಗದ್ದಲದಿಂದ ನೆಮ್ಮದಿಗೆ ಹತ್ತುತ್ತದೆ. ಕದನದ ಅಂಕಣವನ್ನಷ್ಟೇ ಕೆತ್ತಿ ಬಿಟ್ಟಿದ್ದರೆ ಅದು ಗೆಲುವಿನ ಕಂಬವಾಗುತ್ತಿತ್ತು. ಮೇಲಿನ ಎರಡು ಅಂಕಣ ಸೇರಿ ಅದು ಸತ್ತವನಿಗೆ ಊರು ಸಲ್ಲಿಸುವ ಋಣವಾಗಿದೆ.

ಈ ಋಣ ಮನುಷ್ಯರಿಗಷ್ಟೇ ಸಲ್ಲಲಿಲ್ಲ. ಮದ್ದೂರಿನ ಬಳಿಯ ಆತಕೂರಿನ ಕಲ್ಲು ಹತ್ತನೆಯ ಶತಮಾನದ ನಡುಭಾಗದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಮಹಾಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರ ಮೆಚ್ಚಿದ ಒಡೆಯನಲ್ಲಿ ಬೇಡಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟು ಹಾಕಿದರು. ಕೆತ್ತಿದವನು ಹಂದಿಯನ್ನು ಸಣ್ಣದು ಮಾಡಲಿಲ್ಲ. ನಾಯಿ, ಹಂದಿ ಎರಡೂ ಮೈಗೆ ಮೈ ಕೊಟ್ಟು ನಿಂತಿವೆ. ಕೊಂದ ಪ್ರಾಣಿಗೂ ಸಮಬಲದ ಗೌರವ ದಕ್ಕಿದೆ.

ಕಲ್ಲು ಮರೆಸುವುದೂ ಉಂಟು

ಈ ಕಲೆಯನ್ನು ಮೆಚ್ಚುವವರು ಒಂದು ಕಹಿ ಮಾತನ್ನೂ ಆಡಲೇಬೇಕು. ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು ನಿಂತಿರುತ್ತದೆ: ಒಂದು ಕಂಬ, ಅದರಿಂದ ಹೊರಟ ಬಲದೋಳು, ಮೊಣಕೈ ಮಡಿಸಿ ಎತ್ತಿದ ಅಂಗೈ, ಒಡೆಯದ ಬಳೆಗಳು. ಗಂಡನೊಡನೆ ಬೆಂಕಿಗೆ ಹೋದ ಹೆಂಗಸಿನ ಗುರುತು. ಹಲವು ಕಲ್ಲುಗಳಲ್ಲಿ ಮೈ ಇಲ್ಲ, ಮುಖ ಇಲ್ಲ. ಬಳೆಯ ಗೆರೆಗಳನ್ನು ಶಿಲ್ಪಿ ಒಂದೊಂದಾಗಿ ಎಣಿಸುವಂತೆ ಕೆತ್ತಿದ್ದಾನೆ, ಅವಳ ನೋವಿನ ಒಂದು ಗೆರೆಯನ್ನೂ ಕೆತ್ತಿಲ್ಲ. ಮುಖವನ್ನು ಶಾಂತವಾಗಿಡುವ ಅದೇ ಜಾಣ್ಮೆ ಇಲ್ಲಿ ಹಿಂಸೆಯನ್ನು ಮರೆಸುವ ಪರದೆಯಾಯಿತು. ಕೆತ್ತನೆ ಚೆಂದವಾಗಿದೆ ಎಂಬ ಕಾರಣಕ್ಕೆ ಆ ಬೆಂಕಿಯನ್ನು ಮರೆಯುವುದು ಸಲ್ಲದು.

ಇದಕ್ಕೆ ಎದುರಾಗಿ ಇನ್ನೊಂದು ನಾಡಿನ ಕಲ್ಲನ್ನು ಇಡುತ್ತೇನೆ. ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್‌ಳ ಕಿರಿಯ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತ. ಅವನ ಸ್ಮಾರಕಕ್ಕಾಗಿ ಆಕೆ ಹಲವು ವರ್ಷ ತಿಣುಕಾಡಿ, 1932ರಲ್ಲಿ ಅಲ್ಲಿನ ಸೈನಿಕರ ಸ್ಮಶಾನದಲ್ಲಿ ಎರಡು ಮೂರ್ತಿಗಳನ್ನು ನಿಲ್ಲಿಸಿದಳು: ಮಂಡಿಯೂರಿದ ತಂದೆ, ಮಂಡಿಯೂರಿದ ತಾಯಿ. ಮಗನಿಲ್ಲ, ಶಸ್ತ್ರವಿಲ್ಲ, ಸ್ವರ್ಗವಿಲ್ಲ. ನಮ್ಮ ವೀರಗಲ್ಲಿನಲ್ಲಿ ಜಾಗ ಸಿಗದ ಹೆತ್ತವರೇ ಅಲ್ಲಿ ಪೂರಾ ಕಲ್ಲನ್ನು ತುಂಬಿದ್ದಾರೆ. 1937ರಲ್ಲಿ ಪಿಕಾಸೊ ಬರೆದ ಗೆರ್ನಿಕಾ ಚಿತ್ರದಲ್ಲೂ ಬಾಂಬು ಹಾಕಿದವರು ಕಾಣುವುದಿಲ್ಲ, ಅದಕ್ಕೆ ಸಿಕ್ಕವರಷ್ಟೇ ಕಾಣುತ್ತಾರೆ. ಕೊಂದವನನ್ನೂ ಸತ್ತವನನ್ನೂ ಒಂದೇ ಚೌಕಟ್ಟಿನಲ್ಲಿಡುವುದು ನಮ್ಮ ಶಿಲ್ಪಿಯ ಬಲ. ಉಳಿದು ಅಳುವವರನ್ನು ಚೌಕಟ್ಟಿನ ಹೊರಗೆ ಬಿಟ್ಟದ್ದು ಆ ಪರಂಪರೆಯ ಕೊರತೆ.

ಖಾನಾಪುರ, ಬೆಳಗಾವಿಯ ಸಾಕ್ಷಿಗಳು

ಖಾನಾಪುರ ತಾಲ್ಲೂಕಿನ ಹಲಸಿ ಒಂದು ಕಾಲಕ್ಕೆ ಪಲಾಶಿಕಾ, ಬನವಾಸಿ ಕದಂಬರ ಎರಡನೆಯ ರಾಜಧಾನಿ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಐದನೆಯ ಶತಮಾನದ ಮೃಗೇಶವರ್ಮನದೂ ಇದೆ. ಅವನನ್ನು ಗಂಗರನ್ನು ಬುಡಮೇಲು ಮಾಡಿದವನೆಂದು, ಪಲ್ಲವರಿಗೆ ಪ್ರಳಯದ ಬೆಂಕಿಯೆಂದು ಹೊಗಳುವ ಆ ಪಟ ಮುಂದುವರಿದು, ಅಹಿಂಸೆಯನ್ನೇ ವ್ರತವಾಗಿ ಹಿಡಿದ ಜೈನ ಮುನಿಗಳಿಗಾಗಿ ಅವನು ಜಿನಾಲಯ ಕಟ್ಟಿಸಿ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಅದೇ ಊರಿನ ಭೂವರಾಹ ನರಸಿಂಹ ಗುಡಿ ಗೋವೆಯ ಕದಂಬರ ಕಾಲದ್ದು. ಎದುರುಬದುರಾದ ಗರ್ಭಗುಡಿಗಳಲ್ಲಿ ಒಂದರ ವರಾಹ, ಮುಳುಗಿದ ಭೂಮಿಯನ್ನು ಎತ್ತಿ ತಂದವನು. ಅವನ ಮೂರ್ತಿಯಲ್ಲಿ ಬಲವೆಲ್ಲ ಕಾಪಾಡುವ ಕೆಲಸಕ್ಕೆ ಸಂದಿದೆ.

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ನೋಡಲು ಹೋದವರು ಗರ್ಭಗುಡಿಯ ಕಪ್ಪುಶಿಲೆಯ ನೇಮಿನಾಥನ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕು. ನೇಮಿನಾಥ ಮದುವೆಗೆ ಹೊರಟವನು. ದಾರಿಯಲ್ಲಿ ದೊಡ್ಡಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿ, ಅವು ತನ್ನದೇ ಮದುವೆಯ ಊಟಕ್ಕೆ ಎಂದು ತಿಳಿದು, ರಥ ತಿರುಗಿಸಿ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಡೆದವನು. ಶಿಲ್ಪಿಗೆ ಆ ಕಥೆಯಲ್ಲಿ ಮದುವೆಯ ಮೆರವಣಿಗೆ, ಪ್ರಾಣಿಗಳ ಗೋಳು, ಮದುಮಗಳು ರಾಜೀಮತಿಯ ಕಣ್ಣೀರು ಎಲ್ಲ ಇದ್ದವು. ಮೂರ್ತಿಯಲ್ಲಿ ಅದೊಂದನ್ನೂ ಇಡಲಿಲ್ಲ. ತೊಡೆಯ ಮೇಲೆ ಒಂದರ ಮೇಲೊಂದು ತೆರೆದಿಟ್ಟ ಎರಡು ಅಂಗೈಗಳಷ್ಟೇ. ಐಹೊಳೆಯಲ್ಲಿ ಎಂಟು ಕೈಗೂ ಕೆಲಸ ಕೊಟ್ಟ ಪರಂಪರೆಯೇ ಇಲ್ಲಿ ಎರಡೂ ಕೈಯನ್ನು ಬರಿದಾಗಿ ಬಿಟ್ಟಿದೆ. ಕೆತ್ತುವವರಿಗೆ ಇದು ಹೆಚ್ಚು ಕಷ್ಟದ್ದು. ತೋರಿಸಲು ಆಯುಧವಿಲ್ಲ, ಚಲನೆಯಿಲ್ಲ, ಒಡವೆಯಿಲ್ಲ; ಎರಡೂ ಪಕ್ಕದ ಸಮತೂಕ, ಮೈಯ ಹೊಳಪು, ಉಸಿರು ತುಂಬಿದಂಥ ಎದೆಯ ದುಂಡನೆ ಇವಿಷ್ಟರಲ್ಲೇ ಕರುಣೆ ಕಾಣಬೇಕು.

ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲೂ ಇಂಥದೇ ಒಂದು ತಿರುವು ಕಾಣುತ್ತದೆ. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಗೆದ್ದವನು ಊರನ್ನು ಸೂರೆ ಮಾಡದೆ, ಅಲ್ಲಿನ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ಅದಕ್ಕೇ ಮರಳಿಸಿದ ಸಂಗತಿಯನ್ನು ಕಂಚಿಯ ಆ ಗುಡಿಯಲ್ಲೇ ಇರುವ ಕನ್ನಡ ಶಾಸನ ಹೇಳುತ್ತದೆ. ವಿರೂಪಾಕ್ಷ ಗುಡಿಯನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಕಲ್ಲಿನ ಮೇಲೆ ಉಳಿದಿದೆ. ಅಲ್ಲಿನ ಶಿಲ್ಪಗಳಲ್ಲಿ ರಾವಣನನ್ನು ತಡೆದು ನಿಂತ ಜಟಾಯು ಇದ್ದಾನೆ. ಗೆಲುವಿನ ಗುಡಿಯಲ್ಲಿ ಸೋಲು ಖಚಿತವೆಂದು ತಿಳಿದೂ ಅಡ್ಡ ಬಂದ ಹಕ್ಕಿಗೆ ಜಾಗ ಕೊಟ್ಟವರನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ನೋಡುವುದನ್ನು ಕಲಿಯುವುದು

1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಇದೇ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರಕ್ಕೆ ಜನ ಇಂದಿಗೂ ಕೈಮುಗಿಯುತ್ತಾರೆ. ಈಗ ಊರೂರಿನ ವೃತ್ತಗಳಲ್ಲಿ ಅವನ, ಕಿತ್ತೂರು ಚೆನ್ನಮ್ಮನ ಪ್ರತಿಮೆಗಳು ಏಳುತ್ತಿವೆ. ಹೆಚ್ಚಿನವುಗಳಲ್ಲಿ ಎತ್ತಿದ ಕತ್ತಿ ಇದೆ, ನೆಗೆದ ಕುದುರೆ ಇದೆ. ಹಳೆಯ ಶಿಲ್ಪಿ ಕಲಿಸಿದ ಉಳಿದ ಎರಡು ಅಂಕಣಗಳು ಅಲ್ಲಿ ಇಲ್ಲ. ಪ್ರತಿಮೆ ಮಾಡಿಸುವವರೂ ಮಾಡುವವರೂ ಒಂದು ಸಲ ವೀರಗಲ್ಲಿನ ಮುಂದೆ ಕುಳಿತು ಬಂದರೆ ಆ ಮಹನೀಯರಿಗೆ ಇನ್ನೂ ದೊಡ್ಡ ಗೌರವ ಸಲ್ಲುತ್ತದೆ.

ನೋಡುವವರಾದ ನಮಗೂ ಕೆಲಸವಿದೆ. ಕಾಳಗದ ಶಿಲ್ಪ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಶಿಲ್ಪಿ ಯಾವ ಕ್ಷಣವನ್ನು ಆರಿಸಿದ? ಯಾರಿಗೆ ಮುಖ ಕೊಟ್ಟ, ಯಾರಿಗೆ ಕೊಡಲಿಲ್ಲ? ಕದನದ ಮೇಲೆ ಇನ್ನೇನನ್ನು ಇಟ್ಟ? ಬಾದಾಮಿಯ ಗುಹೆಗೂ ಬೀದಿಯ ಪ್ರತಿಮೆಗೂ, ದಿನವೂ ಮೊಬೈಲಿನಲ್ಲಿ ಬಂದು ಬೀಳುವ ಹೊಡೆದಾಟದ ಚಿತ್ರಗಳಿಗೂ ಈ ಪ್ರಶ್ನೆಗಳು ಒಂದೇ ಸಮನೆ ಸಲ್ಲುತ್ತವೆ. ನಿಮ್ಮೂರಿನ ಹಾಳು ಗುಡಿಯ ಪಕ್ಕ ಮಣ್ಣಿನಲ್ಲಿ ಅರ್ಧ ಹೂತ ವೀರಗಲ್ಲೊಂದು ಇದ್ದರೆ ಅದನ್ನು ಬಟ್ಟೆ ಒಗೆಯುವ ಹಾಸುಗಲ್ಲಾಗಲು ಬಿಡಬೇಡಿ. ಊರ ಹಿರಿಯರಿಗೂ ಪುರಾತತ್ವ ಇಲಾಖೆಗೂ ತಿಳಿಸಿ, ಅದು ನೆಟ್ಟಗೆ ನಿಲ್ಲುವಂತೆ ನೋಡಿಕೊಳ್ಳಿ. ಶಾಲೆಯ ಮಕ್ಕಳನ್ನು ಕರೆತಂದು ಕೆಳಗಿನ ಅಂಕಣದಿಂದ ಓದಲು ಕಲಿಸಿ, ತುದಿಯ ಸೂರ್ಯ ಚಂದ್ರರ ತನಕ ಓದಿಸಿ. ಕೊಲ್ಲುವುದರ ಭಾರ ಎಷ್ಟು, ಸತ್ತವರಿಗೆ ನಾವು ಕೊಡಬೇಕಾದದ್ದು ಏನು ಎಂಬುದನ್ನು ಆ ಮಕ್ಕಳಿಗೆ ಹೇಳಿಕೊಡಲು ಕನ್ನಡ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಪಠ್ಯವನ್ನು ನಾನು ಕಂಡಿಲ್ಲ.